ರಕ್ತದ ಉತ್ತರ ಕೇಳಲು ಮೈಸೂರಿಗೆ

ಗಾಳಿಬೀಡಿನಿಂದ ನಾವು ಹೊರಟಾಗ ಮಂಜು ಇನ್ನೂ ಕರಗಿರಲಿಲ್ಲ. ಜೊತೆಗಿದ್ದವನು ನನ್ನ ತಮ್ಮನ ಮಗ ಬೆಳ್ಯಪ್ಪ. ಅವನ ಎರಡು ಮೂತ್ರಪಿಂಡಗಳೂ ಕೆಟ್ಟಾಗ ಅವನ ಅಕ್ಕ ಗಂಗಮ್ಮ ತನ್ನದೊಂದನ್ನು ಕೊಟ್ಟಿದ್ದಳು. ಮದರಾಸಿನ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಅವನ ಕಿಬ್ಬೊಟ್ಟೆಯ ಬಲಗಡೆ ಕೂರಿಸಿದ್ದರು. ಬೇರೊಬ್ಬರ ಅಂಗವನ್ನು ದೇಹ ಎಂದಾದರೂ ಒಲ್ಲೆನೆನ್ನಬಹುದು. ಹಾಗಾದರೆ ಕ್ರಿಯಾಟಿನಿನ್ ಎಂಬ ಕಶ್ಮಲವು ರಕ್ತದಲ್ಲಿ ಏರುತ್ತದೆ. ಅದನ್ನು ನೋಡಿಸಲು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಬೇಕಿತ್ತು.

ಮಡಿಕೇರಿಯಲ್ಲಿ ಓಂಕಾರೇಶ್ವರನಿಗೆ ಕೈಮುಗಿದು, ಸಂಜೆಗೆ ಅಮ್ಮತ್ತಿ ಸೇರಿದೆವು. ಗಂಗಮ್ಮನ ಗಂಡ ಅಲ್ಲಿಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ತೋಟದಲ್ಲಿ ಕಾಫಿಹಣ್ಣು ಕೊಯ್ಯುವ ಪಿಕಿಂಗ್ ಆರಂಭವಾಗಿ, ಎಂದಿನಂತೆ ಬರಲು ಅವರಿಗೆ ಬಿಡುವಿಲ್ಲದ್ದರಿಂದ ಈ ಸಲ ತಮ್ಮನೊಡನೆ ಅವಳೇ ಬರುವುದೆಂದಾಯಿತು. ಮಾಂಸ ಬಿಟ್ಟವನಾದ ನನಗೆ ಹಾಲು, ಬಾಳೆಹಣ್ಣು ಕೊಟ್ಟು, ತಮ್ಮನಿಗೆ ಹಂದಿ ಸಾರು, ಕಡುಬು ಬಡಿಸಿದಳು. ಬೆಳಿಗ್ಗೆ ಬಸ್ಸಿಗೆ ಮುಂಚೆ ಮತ್ತೊಮ್ಮೆ ಅದನ್ನೇ ಬಡಿಸುವುದನ್ನು ಕಂಡು ಅಚ್ಚರಿಪಟ್ಟೆ.

"ರಕ್ತ ತೆಗಿಯಕೆ ಹೋಗುವವಂಗೆ ಬರೀ ಗಂಜಿ ಹಾಕಿ ಕಳ್ಸಿಕೆ ಆದೆನಾ ದೊಡ್ಡಪ್ಪ? ತೆಗಿಯುವ ಮೊದಲು ತುಂಬ್ಸೊಕು," ಎಂದಳು.

ಗೋಣಿಕೊಪ್ಪ, ತಿತಿಮತಿಯ ಕಾಡು, ಹುಣಸೂರು ದಾಟಿ ಮಧ್ಯಾಹ್ನದ ಬಿಸಿಲಿನಲ್ಲಿ ಮೈಸೂರು ಮುಟ್ಟಿದೆವು. ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಸಂಜೆಯವರೆಗೆ ಕಾದೆವು. ಡಾಕ್ಟರು ಬೆಳ್ಯಪ್ಪನ ಕಾಲು ಒತ್ತಿ ಬಾವು ನೋಡಿದರು, ರಕ್ತದೊತ್ತಡ ಅಳೆದರು. "ಬೇರೆಲ್ಲ ಸರಿಯಿದೆ. ಆದರೆ ಹೋದ ಸಲಕ್ಕಿಂತ ಕ್ರಿಯಾಟಿನಿನ್ ಏರಿದೆ," ಎಂದರು.

ಗಂಗಮ್ಮ ಕುರ್ಚಿಯ ಹಿಡಿಯನ್ನು ಬಿಗಿಹಿಡಿದಳು. "ನಾ ಕೊಟ್ಟದ್ ಇವಂಗೆ ಒಗ್ಗಿತ್‌ಲೆಯಾ ಡಾಕ್ಟ್ರೇ?"

ಇವನು ಏನೇನು ತಿಂದನೆಂದು ಡಾಕ್ಟರು ವಿಚಾರಿಸಿದರು. ಅವಳು ಹೇಳಿದಳು. "ಬೆಳಿಗ್ಗೆಯೂ?" ಎಂದು ಅವರು ಹುಬ್ಬೇರಿಸಿದರು. ಬೇಯಿಸಿದ ಮಾಂಸವನ್ನು ಹೆಚ್ಚಾಗಿ ತಿಂದರೂ ಆ ಕಶ್ಮಲ ಕೆಲವು ಗಂಟೆ ಏರಿರುವುದುಂಟಂತೆ. ಕಾರಣ ಅದೋ, ದೇಹದ ಮುನಿಸೋ ಎಂದು ಆಗಲೇ ಹೇಳುವಂತಿರಲಿಲ್ಲ. ಮಾಂಸ ಮುಟ್ಟದೆ ನಾಳಿದ್ದು ಬರಿಹೊಟ್ಟೆಯಲ್ಲಿ ಬರಬೇಕೆಂದೂ, ನಡುವೆ ಜ್ವರ ಬಂದರೆ ಅಥವಾ ಮೂತ್ರ ಕಡಿಮೆಯಾದರೆ ತಕ್ಷಣ ತಿಳಿಸಬೇಕೆಂದೂ ಅಪ್ಪಣೆಯಾಯಿತು.

ರಾತ್ರಿ ತಂಗಿದ ಛತ್ರದಲ್ಲಿ ಗಂಗಮ್ಮ ಅನ್ನ ಮುಟ್ಟಲಿಲ್ಲ. ಬೆಳ್ಯಪ್ಪ ಕೆಣಕಿದ: "ಅಕ್ಕಾ, ಅದ್ ನಿನ್ನದೇ ಕಿಡ್ನಿ. ಹುಟ್ಟಿದಾಗಿಂದ ನಿನ್ನ ಹಂದಿ ಸಾರು ಕಂಡ ಅದಕ್ಕೆ ಈಗ ಹೊಸತಾಗಿ ಎಂಥ ಕೋಪ?"

"ಬಾಯಿ ಮುಚ್ಚ್, ಮಂಗ," ಎಂದಳಾದರೂ ಒಂದು ತುತ್ತು ಎತ್ತಿಕೊಂಡಳು.

ಮರುದಿನ ಚಾಮುಂಡಿ ಬೆಟ್ಟಕ್ಕೆ ನಾನೊಬ್ಬನೇ ಹೋದೆ. ಸಹಸ್ರನಾಮ ಹೇಳುತ್ತಿದ್ದರೂ ಮನಸ್ಸು ಛತ್ರದಲ್ಲೇ ಇತ್ತು. ಕಡೆಗೆ ನಾಮಗಳನ್ನು ನಿಲ್ಲಿಸಿ, ಆ ಇಬ್ಬರ ಹೆಸರನ್ನಷ್ಟೇ ತಾಯಿಗೆ ಹೇಳಿ ಇಳಿದೆನು.

ಗೊತ್ತುಮಾಡಿದ ಬೆಳಿಗ್ಗೆ ಮತ್ತೆ ರಕ್ತ ತೆಗೆದರು. ಮಧ್ಯಾಹ್ನ ಡಾಕ್ಟರೇ ಜಗಲಿಗೆ ಬಂದು, "ಹೋದ ತಿಂಗಳಿದ್ದಲ್ಲಿಗೇ ಇಳಿದಿದೆ. ಊರಿಗೆ ಹೋಗಿ. ಆದರೆ ಮುಂದಿನ ಸಲ ಮಾಂಸ ತಿನ್ನಿಸಿ ತರಬೇಡಿ ತಾಯಿ," ಎಂದು ನಕ್ಕರು. ಗಂಗಮ್ಮ ನಗಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡು ತಲೆಯಾಡಿಸಿದಳು.

ಹಿಂದಿರುಗುವ ಬಸ್ಸಿನಲ್ಲಿ ಹುಣಸೂರಿನಾಚೆ ಬೆಳ್ಯಪ್ಪ ನಿದ್ದೆಹೋದ. ಪಕ್ಕದಲ್ಲಿದ್ದ ಗಂಗಮ್ಮ ಅವನ ಅಂಗಿಯ ಮೇಲೆ, ಕಿಬ್ಬೊಟ್ಟೆಯ ಬಲಗಡೆ, ಮೆಲ್ಲನೆ ಅಂಗೈ ಇಟ್ಟಳು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆನು. ಕಾಡು ಕಳೆಯಿತು, ಗೋಣಿಕೊಪ್ಪ ಕಳೆಯಿತು. ಅವಳಿಳಿಯಬೇಕಾದ ಊರು ಬಂದಾಗಲೂ ಆ ಕೈ ಅಲ್ಲೇ ಇತ್ತು, "ಅಮ್ಮತ್ತಿ, ಯಾರಮ್ಮಾ ಅಮ್ಮತ್ತಿ?" ಎಂದು ಕಂಡಕ್ಟರು ಎರಡು ಸಲ ಕೂಗಬೇಕಾಯಿತು.