ಮಾವನ ಪೀಕದಾನಿಯ ಬೇರಿಂಗು

ಗೆಳೆಯರೇ, ಉರ್ವದ ನಮ್ಮ ಮನೆಯಲ್ಲಿ ಇವತ್ತು ನನ್ನ ಪುಟ್ಟ ಹಬೆಯ ಇಂಜಿನು ಓಡಿತು. ತಿರುಗುವ ಸರಳನ್ನು ಹೊರುವ ಬೇರಿಂಗಿಗೆ ಮೊದಲು ಹಲಸಿನ ಮರ ಹಾಕಿದ್ದೆ, ಕರಕಲಾಯಿತು. ಹಿತ್ತಾಳೆ ಹಾಕಿದೆ, ಬೇಗನೆ ಸವೆದು ಕಿರುಚತೊಡಗಿತು. "ಎಂತ ಮಾರಾಯ, ಒಳಗೆ ಹಂದಿ ಕೊಲ್ತಿದ್ದೀಯಾ?" ಎಂದಳು ಅಕ್ಕ. ಕಂಚೇ ಬೇಕಿತ್ತು. ಮನೆಯಲ್ಲಿದ್ದ ಕಂಚೆಂದರೆ ದೇವರ ಗಂಟೆ ಮತ್ತು ಯಜಮಾನರಾದ ಸೋದರಮಾವನ ಪೀಕದಾನಿ. ದೇವರಿಗೆ ಹೆದರಿ ಪೀಕದಾನಿಯ ಬುಡವನ್ನೇ ಕೊಯ್ದೆ.

ಇಂಜಿನು ಸದ್ದಿಲ್ಲದೆ ತಿರುಗುತ್ತಿದ್ದಾಗ ಮಾವ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಬಂದರು. ಬುಡವಿಲ್ಲದ ಪೀಕದಾನಿಯನ್ನು ನೋಡಿದರು, ಇಂಜಿನನ್ನು ನೋಡಿದರು, ಎಲ್ಲ ಅರ್ಥವಾಯಿತು. ಬೈಯಬೇಕಾದರೆ ಉಗುಳಬೇಕು, ಉಗುಳಲು ಪಾತ್ರೆಯಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಬರೀ ಕೈ ಬೀಸಿದರು. ನಾನು ಹಿಂಬಾಗಿಲಿನ ಕಡೆ ಸರಿಯುತ್ತಿದ್ದೆ. ಅಷ್ಟರಲ್ಲಿ ಅವರ ಕಣ್ಣು ತಿರುಗುವ ಚಕ್ರಕ್ಕೆ ಅಂಟಿಕೊಂಡಿತು. ಅಂಗಳಕ್ಕೆ ಹೋಗಿ ಉಗುಳಿ ಬಂದವರು ಮಣೆ ಎಳೆದು ಕೂತೇ ಬಿಟ್ಟರು.

"ಉಳಿದ ಕಂಚು ಉಂಟಲ್ಲ, ಅದರಲ್ಲಿ ಎಂತ ಮಾಡ್ತಿ?" ಎಂದರು.

ಬೈಗುಳ ಕೇಳಲೆಂದೇ ಒಲೆ ಬಿಟ್ಟು ಬಂದಿದ್ದ ಅಕ್ಕನಿಗೆ ಬಹಳ ನಿರಾಸೆಯಾಯಿತು.