ದ್ಯಾಮಣ್ಣ ಕೆಮ್ಮಿದ ಮ್ಯಾಚು

"ನಮ್ಮ ದನದ ಪ್ಯಾಟ್ಯಾಗ ರೇಟು ಬಾಯಿಲೆ ಹೇಳೂದಿಲ್ಲ, ತಂಗಿ. ಮಾರಾಂವ ಒಬ್ಬ, ಕೊಳ್ಳಾಂವ ಒಬ್ಬ, ನಡುವ ನಾ ದಲಾಲ. ಹೆಗಲ ಮ್ಯಾಲಿನ ಟವಲ್ ತಗದು ಕೈಮ್ಯಾಲ ಹಾಕೂದು, ಅದರ ಕೆಳಗ ಬೆರಳ ಹಿಡದು ಒತ್ತೂದು. ಅದ ಮಾತು. ಸುತ್ತ ನೂರ ಮಂದಿ ನಿಂತಿದ್ರೂ ಒಬ್ಬಗೂ ತಿಳಿಯಂಗಿಲ್ಲ. ಆದ್ರ ಮೂವತ್ತ ವರ್ಷ ಅದನ್ನ ಮಾಡಿದಾಂವಗ ಟವಲ್ ಅಡ್ಡ ಆಗೂದಿಲ್ಲ. ಮೊಣಕೈ ನೋಡಿದ್ರ ಸಾಕು, ಯಾವ ಬೆರಳ ಒತ್ಯಾರ ಅಂತ ನರಾನ ಹೇಳ್ತತಿ. ಓದಾಕ ಬಂದ್ರೂ ಓದಬಾರದು. ಮಂದಿ ಟವಲ್ ಓದಿದಾಂವಗ ಪ್ಯಾಟ್ಯಾಗ ಒಬ್ರೂ ಚಾ ಕುಡಿ ಬಾ ಅನ್ನೂದಿಲ್ಲ. ಬಯಲಾಗ ಕೈ ಬೀಸಿದ್ದು ಬ್ಯಾರೆ, ಅದು ಕಣ್ಣಿದ್ದಾವರ ಪಾಲು. ಮುಚ್ಚಿದ್ದು ಮುಚ್ಚಿದಾವರದು."

ಹಾವೇರಿ ಕಡೆಯ ದನದ ದಲಾಲ ದ್ಯಾಮಣ್ಣ, ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ ಮಗಳು ಸಂಧ್ಯಾರಾಣಿಯ ಮನೆಗೆ ಬಂದವರ ಮುಂದೆಲ್ಲ ಈ ಮಾತು ಹೇಳುತ್ತಿದ್ದ. ಕೇಳಿದವರು ತಲೆಯಾಡಿಸಿ ಚಹಾ ಕುಡಿದು ಹೋಗುತ್ತಿದ್ದರು.

ಎರಡು ಸಾವಿರದ ಎಂಟನೆಯ ಇಸವಿ. ಫೆಬ್ರವರಿಯಲ್ಲಿ ಬಂದವನಿಗೆ ಜೂನ್ ಹೊತ್ತಿಗೆ ಕೂತು ಕೂತು ಸಾಕಾಗಿತ್ತು. ಅಳಿಯ ಸಂಕೇತ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಕೆಟ್ಟವನಲ್ಲ, ಆದರೆ "ಊಟ ಆತೇನ್ರಿ ಮಾವಾರ" ಎನ್ನುವುದರಿಂದಾಚೆ ಅವನ ಮಾತು ನಾಲ್ಕು ತಿಂಗಳಲ್ಲಿ ಒಂದು ಗೇಣೂ ಸರಿದಿರಲಿಲ್ಲ. ಇದ್ದ ಮಾತೆಲ್ಲ ಫುಟ್‌ಬಾಲಿಗೆ. ಮೆಲ್ಬರ್ನಿನ ಕನ್ನಡ ಹುಡುಗರ ತಂಡಕ್ಕೆ ಅವನೇ ಗೋಲ್‌ಕೀಪರ್, ಅವನೇ ಕ್ಯಾಪ್ಟನ್. ಈ ಅಳಿಯನ ಹತ್ತಿರ ಎರಡು ಮಾತು ಆಡಿಸಿಕೊಳ್ಳಬೇಕು, ಒಂದು ಕೆಲಸಕ್ಕೆ ಬರಬೇಕು ಎಂಬುದೊಂದೇ ಆಸೆ ದ್ಯಾಮಣ್ಣನಿಗೆ ಉಳಿದಿತ್ತು.

ಆ ಹುಡುಗರು ಗ್ರೀಕರ ಎದುರಾಗಲಿ, ಇಟಲಿಯವರ ಎದುರಾಗಲಿ, ಆಡುವಾಗ "ಎಡಕ್ಕ ಹಾಕೋ", "ಹಿಂದಿನಾವಗ ಬಿಡೋ" ಎಂದು ಕನ್ನಡದಲ್ಲೇ ಕೂಗುತ್ತಿದ್ದರು. ಎದುರಿನವರಿಗೆ ಏನೂ ತಿಳಿಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಸಿಡ್ನಿಯ ಕನ್ನಡ ಹುಡುಗರ ಜೊತೆ ಆಡುವಾಗ ಮಾತ್ರ ಈ ಗುಟ್ಟು ನಡೆಯುತ್ತಿರಲಿಲ್ಲ. ಕೂಗಿದ್ದೆಲ್ಲ ನೇರ ಅವರ ಕಿವಿಗೇ. ಸಿಡ್ನಿಯವರು ಜಾಣರು, ಕೈಸನ್ನೆ ಮಾಡಿಕೊಂಡರು. ಮೆಲ್ಬರ್ನಿನವರು ಗಂಟಲು ಹರಿದುಕೊಳ್ಳುತ್ತಲೇ ಇದ್ದರು. ಎರಡು ವರ್ಷ ಸೋತರು. ಹೋದ ವರ್ಷ ಸಿಡ್ನಿಯ ಪ್ಯಾರಾಮಟ್ಟಾದಲ್ಲಿ ಮೂರು ಗೋಲು, ಮೂರೂ ಕಾರ್ನರ್‌ನಿಂದ.

ಈ ಸಲ ಸಿಡ್ನಿಯವರು ಜೂನ್ ಲಾಂಗ್ ವೀಕೆಂಡಿಗೆ ಇಲ್ಲಿಗೆ ಬಂದರು. ಬಂದವರು ಎದುರು ತಂಡದವರ ಮನೆಗಳಲ್ಲೇ ಇಳಿಯುವುದು ರೂಢಿ. ಅವರ ಕ್ಯಾಪ್ಟನ್, ಬೆಂಗಳೂರಿನ ಇಂದ್ರೇಶ್, ಸಂಕೇತನ ಮನೆಯಲ್ಲೇ ಇಳಿದು, ದ್ಯಾಮಣ್ಣನ ಟವಲ್ ಮಾತು ಕೇಳುತ್ತಲೇ ಉಂಡ.

"ನಾಳೆ ಎಷ್ಟು ಗೋಲ್ ಬೇಕು ಸಂಕೇತ್? ಈಗ್ಲೇ ಹೇಳ್ಬಿಡು."

"ಮೊದ್ಲ ರೊಟ್ಟಿ ಮುರಿಯೂದು ಕಲಿಯೋ. ಬಿಸ್ಕೆಟ್ ಅದ್ದಿದಂಗ ಅದ್ದಾಕತ್ತಿ."

ಮರುದಿನ ಮೈದಾನದಲ್ಲಿ ಎಲುಬು ಕೊರೆಯುವ ಗಾಳಿ. ದ್ಯಾಮಣ್ಣ ಮಂಕಿಕ್ಯಾಪ್ ಏರಿಸಿ ಸಂಕೇತನ ಗೋಲಿನ ಹಿಂದೆಯೇ ಮಡಚುವ ಕುರ್ಚಿ ಹಾಕಿಸಿಕೊಂಡು ಕೂತ. ಆಟ ಅವನಿಗೆ ಅಷ್ಟಕ್ಕಷ್ಟೇ. ಕಾರ್ನರ್ ಎಂದರೆ ಮೂಲೆಯಿಂದ ಗೋಲಿನ ಮುಂದಕ್ಕೆ ಚೆಂಡು ಎತ್ತಿ ಒದೆಯುವುದು ಎಂಬಷ್ಟು ತಿಳಿದಿತ್ತು. ಅದು ಹತ್ತಿರದ ಕಂಬಕ್ಕೆ ಬರುತ್ತದೋ ದೂರದ್ದಕ್ಕೋ ಎಂಬುದು ಮೊದಲೇ ಗೊತ್ತಾದರೆ ಕೀಪರ್ ಬದುಕಿದ. ಸಿಡ್ನಿಗೆ ಮೊದಲ ಕಾರ್ನರ್ ಸಿಕ್ಕಿತು. ಇಂದ್ರೇಶ್ ಕಿವಿ ಹಿಡಿದ. ಚೆಂಡು ಹತ್ತಿರದ ಕಂಬಕ್ಕೆ. ಎರಡನೆಯದಕ್ಕೆ ಸೊಂಟ ಹಿಡಿದ; ದೂರಕ್ಕೆ. ಮೂರನೆಯದಕ್ಕೆ ಮತ್ತೆ ಕಿವಿ. ದ್ಯಾಮಣ್ಣ ಕುರ್ಚಿಯ ತುದಿಗೆ ಬಂದ.

ಚೆಂಡು ಹೊರಗೆ ಬಂದಾಗ ಎತ್ತಿಕೊಳ್ಳಲು ಬಂದ ಅಳಿಯನಿಗೆ ಮೆಲ್ಲಗೆ ಹೇಳಿದ: "ಅಳಿಯಾರ, ಕಿವಿ ಹಿಡದ್ರ ಹತ್ರದ ಕಂಬ, ಟೊಂಕ ಹಿಡದ್ರ ದೂರದ್ದು."

"ಖರೇನ್ರಿ?"

"ಬಯಲಾಗ ತೋರ್ಸಾಕತ್ತಾನ. ನಾ ಏನ್ ಕಣ್ಣ ಮುಚ್ಚಿ ಕುಂದರ್ಲ್ಯಾ?"

"ನಾ ಚೆಂಡ ನೋಡ್ಲ್ಯೋ ಅವನ್ನ ನೋಡ್ಲ್ಯೋ? ನೀವ ಹೇಳ್ರಿ ಮಾವಾರ. ಕೂಗಬ್ಯಾಡ್ರಿ ಮತ್ತ, ಆ ಮಕ್ಳಿಗೂ ಕನ್ನಡ ಬರ್ತತಿ!"

"ಹಂಗಾರ ಕೆಮ್ಮತೇನಿ. ಹತ್ರಕ್ಕ ಒಂದು, ದೂರಕ್ಕ ಎರಡು."

ಮುಂದಿನ ಕಾರ್ನರ್‌ಗೆ ದ್ಯಾಮಣ್ಣ ಎರಡು ಸಲ ಕೆಮ್ಮಿದ. ಸಂಕೇತ ದೂರದ ಕಂಬಕ್ಕೆ ಹಾರಿ, ಮರದಿಂದ ಮಾವಿನಕಾಯಿ ಕಿತ್ತಂತೆ ಚೆಂಡು ಕಿತ್ತುಕೊಂಡ. ಅದೇ ಚೆಂಡು ಮುಂದಕ್ಕೆ ಹೋಗಿ ಮೆಲ್ಬರ್ನಿಗೆ ಗೋಲಾಯಿತು! ಸಂಕೇತ ಹಿಂದಿರುಗಿ ಮಾವನಿಗೆ ಹೆಬ್ಬೆರಳು ಎತ್ತಿ ತೋರಿಸಿದ. ದ್ಯಾಮಣ್ಣನಿಗೆ ಎದೆಯೊಳಗೆ ಯಾರೋ ಹಲಗೆ ಬಾರಿಸಿದಂತಾಯಿತು. ಚಳಿ ಎಲ್ಲಿ ಹೋಯಿತೋ!

ಮತ್ತೆರಡು ಕಾರ್ನರ್, ಮತ್ತೆರಡು ಸಲ ಕೆಮ್ಮು, ಎರಡೂ ಸಂಕೇತನ ಕೈಗೇ. ಅಷ್ಟರಲ್ಲಿ ಸಂಧ್ಯಾರಾಣಿ ಫ್ಲಾಸ್ಕ್ ಹಿಡಿದು ಓಡಿ ಬಂದಳು. "ಅಪ್ಪಾ, ಎಷ್ಟ ಕೆಮ್ಮಾಕತ್ತಿ! ಕಷಾಯ ಕುಡಿ." ಬೇಡ ಎನ್ನುವುದರೊಳಗೆ ಬಾಯಿಗೆ ಹಿಡಿದಳು. ಮೆಣಸಿನ ಕಷಾಯ ನೆತ್ತಿಗೇರಿತು. ಅತ್ತ ಕಾರ್ನರ್, ಇತ್ತ ದ್ಯಾಮಣ್ಣನಿಗೆ ಬಿಡದೆ ಐದು ಕೆಮ್ಮು. ಸಂಕೇತ ಹತ್ತಿರಕ್ಕೆ ಓಡಿದ, ದೂರಕ್ಕೆ ಓಡಿದ, ನಡುವೆ ನಿಂತ. ಚೆಂಡು ಒಳಗೆ! ಒಂದಕ್ಕೊಂದು ಸಮ.

ಇಂದ್ರೇಶ್ ನಕ್ಕ. "ಏನಂಕಲ್, ಕಾರ್ನರ್ ಬಂದಾಗ ಮಾತ್ರ ಕೆಮ್ಮು ಬರುತ್ತಾ ನಿಮಗೆ?"

ಅವನಿಗೆ ಅರ್ಥವಾಗಿಹೋಗಿತ್ತು. ವಿರಾಮದ ನಂತರ ತಂಡಗಳ ಗೋಲು ಅದಲುಬದಲಾಯಿತು; ದ್ಯಾಮಣ್ಣನೂ ಕುರ್ಚಿ ಎತ್ತಿಕೊಂಡು ಅಳಿಯನ ಹಿಂದೆಯೇ ಹೋಗಿ ಕೂತ. ಈಗ ಸಿಡ್ನಿಯವರು ಕಿವಿ ಹಿಡಿಯಲಿಲ್ಲ, ಸೊಂಟ ಹಿಡಿಯಲಿಲ್ಲ. ಕಾರ್ನರ್ ಬಂದರೆ ಇಂದ್ರೇಶ್ ಮೂಲೆಗೆ ಓಡಿ, ಒದೆಯುವವನ ಎದುರು ನಿಂತು, ಜೆರ್ಸಿಯ ಅಂಚು ಎತ್ತಿ ಅವನ ಕೈಮೇಲೆ ಮುಚ್ಚಿ, ಒಳಗೆ ಬೆರಳು ಒತ್ತುತ್ತಿದ್ದ. ದ್ಯಾಮಣ್ಣನಿಗೆ ಮೈ ಜುಮ್ಮೆಂದಿತು. ಎಲ್ಲಿಯ ಹಾವೇರಿ, ಎಲ್ಲಿಯ ಕ್ರೇಗಿಬರ್ನ್! ಇಂದ್ರೇಶನ ಮೊಣಕೈ ಹತ್ತು ಮಾರು ದೂರದಲ್ಲೇ ಇತ್ತು. ತೋರುಬೆರಳು ಒತ್ತಿದ, ಹತ್ತಿರಕ್ಕೆ ಬಂತು. ಕಿರುಬೆರಳು ಒತ್ತಿದ, ದೂರಕ್ಕೆ ಬಂತು. ಬೇಡವೆಂದರೂ ಕಣ್ಣು ಓದುತ್ತಿತ್ತು. ಕೆಮ್ಮು ಮಾತ್ರ ಅವನು ಗಂಟಲಲ್ಲೇ ಹಿಡಿದ. ಎರಡೂ ಸಲ ಹುಡುಗರು ಹೇಗೋ ಚೆಂಡು ಹೊರಗೆ ಒದ್ದು ಉಳಿದುಕೊಂಡರು.

ಆಟ ಮುಗಿಯಲು ಎರಡು ನಿಮಿಷವಿದೆ ಎನ್ನುವಾಗ ಸಿಡ್ನಿಗೆ ಕೊನೆಯ ಕಾರ್ನರ್.

"ಮಾವಾರ!" ಸಂಕೇತ ಕಂಬ ಹಿಡಿದುಕೊಂಡು ಕೇಳಿದ. "ಕಾಣಸ್ತತೇನ್ರಿ?"

"ಕಾಣಸ್ತತಿ."

"ಮತ್ತ ಹೇಳ್ರಿ! ನಿಮ್ಮ ಕೈ ಮುಗೀತೇನಿ, ಒಂದ ಕೆಮ್ಮ ಕೆಮ್ಮರಿ!"

ನಾಲ್ಕು ತಿಂಗಳು ಬಾಯಿ ಬಿಡದಿದ್ದ ಅಳಿಯ ಮಗುವಿನ ಹಾಗೆ ಕೇಳುತ್ತಿದ್ದಾನೆ. ಇಲ್ಲ ಎಂದರೆ ನಾಳೆಯಿಂದ ಮತ್ತೆ "ಊಟ ಆತೇನ್ರಿ" ಅಷ್ಟೇ. ದ್ಯಾಮಣ್ಣನ ಗಂಟಲು ತಾನಾಗಿಯೇ ತುರಿಸಿತು.

"ಮುಚ್ಚ್ಯಾರಪಾ," ಎಂದ. "ಮುಚ್ಚಿದ್ದನ್ನ ನಾ ಹೇಳಾಂವಲ್ಲ."

ಎದ್ದು, ಕುರ್ಚಿಯನ್ನು ಕಾರು ನಿಲ್ಲಿಸಿದ ಕಡೆಗೆ ತಿರುಗಿಸಿ ಕೂತ. ಬೆನ್ನ ಹಿಂದೆ ಚೆಂಡು ಒದ್ದ ಸದ್ದು, ಧಡಬಡ, ಆಮೇಲೆ ಸಿಡ್ನಿಯವರ ಕೇಕೆ. ತಿರುಗಿ ನೋಡುವ ಅಗತ್ಯವೇ ಬೀಳಲಿಲ್ಲ.

ಸಂಕೇತ ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದ. ಹಿಂದಿನ ಸೀಟಿನಿಂದ ಇಂದ್ರೇಶ್ ತಡೆಯಲಾರದೆ ಕೇಳಿದ. "ಅಂಕಲ್, ಲಾಸ್ಟ್ ಕಾರ್ನರ್‌ನಲ್ಲಿ ನಾನು ಒತ್ತಿದ್ದು ಯಾವ ಬೆರಳು ಹೇಳಿ ನೋಡೋಣ?"

"ಕಿರುಬೆರಳು. ಅದಕ್ಕೂ ಮೊದ್ಲ ತೋರುಬೆರಳ ಒತ್ತಾಕ ಹೋಗಿ ಬಿಟ್ಟಿ."

ಇಂದ್ರೇಶ್ ಮುಂದಕ್ಕೆ ಬಾಗಿದ. "ಅಯ್ಯೋ, ಹೌದು! ಮತ್ಯಾಕೆ ಹೇಳ್ಲಿಲ್ಲ ಅಂಕಲ್? ಮ್ಯಾಚ್ ಸಮ ಆಗ್ತಿತ್ತು, ಸೋಲ್ತಿರ್ಲಿಲ್ಲ!"

"ಸೋಲ್ತಿರಲಿಲ್ಲ ಖರೆ. ಆಮ್ಯಾಲ ನಿನ್ನ ಜೋಡಿ ಕುಂತು ಹೆಂಗ ಉಣ್ಲಿ?"

ಸಂಕೇತ ಪಕ್ಕದ ಸೀಟಿನಲ್ಲಿದ್ದ ಮಾವನ ಮುಖ ನೋಡಿದ.

"ಮಾವಾರ, ಅವರದ ಹೋಗ್ಲಿ. ನಂದೇನ ತಪ್ಪಾಗಾಕತ್ತತಿ? ಅದನ್ನರ ಹೇಳ್ತೀರಿಲ್ಲೋ?"

"ಅದಕ್ಕೇನು, ನಮ್ಮದ ನಾವ ಹೇಳ್ಕೊಳ್ಳಾಕ! ಬಲಗಾಲ ಮ್ಯಾಲ ಭಾರ ಹಾಕಿ ನಿಲ್ತೀರಿ. ಎಡಕ್ಕ ಹೊಳ್ಳೂದರಾಗ ಚೆಂಡ ಮನೀ ಮುಟ್ಟಿರ್ತತಿ."

"ಹೌದೇನ್ರಿ? ಮತ್ತ ಇಷ್ಟ ದಿನಾ ಯಾಕ ಹೇಳ್ಲಿಲ್ಲ?"

"ನೀವ ಯಾವಾಗ ಕೇಳಿದ್ರಿ?"

ಮೂವರೂ ನಕ್ಕರು. ಮನೆ ಮುಟ್ಟುವವರೆಗೆ ಸಂಕೇತ ಕೇಳುತ್ತಲೇ ಇದ್ದ. ಸಿಗ್ನಲ್ ಹಸಿರಾದರೂ ಎರಡು ಸಲ ಕಾರು ಮುಂದಕ್ಕೆ ಬಿಡಲಿಲ್ಲ.

ಗೆಳತಿಯ ಕಾರಿನಲ್ಲಿ ಮೊದಲೇ ಬಂದಿದ್ದ ಸಂಧ್ಯಾರಾಣಿ ಬಾಗಿಲಲ್ಲೇ ನಿಂತಿದ್ದಳು. "ಮಾತ ಆಮ್ಯಾಲ. ನಾಳೆ ಮುಂಜಾನೆ ಕಸದ ಗಾಡಿ ಬರ್ತತಿ, ಡಬ್ಬಿ ಇನ್ನೂ ಒಳಗ ಐತಿ."

ಕೆಂಪು ಮುಚ್ಚಳದ್ದನ್ನು ಸಂಕೇತ ಎಳೆದ, ಹಳದಿ ಮುಚ್ಚಳದ್ದನ್ನು ದ್ಯಾಮಣ್ಣ. "ಹಿಡಿಕೆ ಮನೀ ಕಡೆ ಇರ್ಬೇಕ್ರಿ ಮಾವಾರ," ಎಂದ ಸಂಕೇತ. ದ್ಯಾಮಣ್ಣ ಡಬ್ಬಿ ತಿರುಗಿಸಿ ಇಟ್ಟು, ಗಾಳಿಗೆ ತೆರೆದುಕೊಂಡ ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಾಕಿದ.