ಅಂಚೆ ಮುದ್ರೆಯ ತಾರೀಕು

ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯದಿಂದ ಎರಡು ಟ್ರಾಮ್ ನಿಲ್ದಾಣ ದಾಟಿದರೆ ಒಡೀಲ್ ವೆಂಡ್ಲಿಂಗ್‌ಳ ನಾಲ್ಕು ಕೋಣೆಯ ತಂಗುಮನೆ. ಇಪ್ಪತ್ತು ವರ್ಷದಿಂದ ಎಲ್ಲೆಲ್ಲಿಯವರೋ ಕಾಗದಪತ್ರದ ಚೀಲ ಎದೆಗವಚಿಕೊಂಡು ಬಂದು ಅವಳ ಬಾಗಿಲು ತಟ್ಟುತ್ತಾರೆ. ಎಲ್ಲರದೂ ಒಂದೇ ತಪ್ಪು. ನ್ಯಾಯಾಧೀಶರ ಮುಂದೆ ನಿಂತು ದುಃಖ ಹೇಳಿಕೊಳ್ಳಬಹುದೆಂದು ನಂಬಿರುತ್ತಾರೆ. ಅರ್ಜಿ ಅಂಚೆಯಲ್ಲೇ ಹೋಗಬೇಕೆಂದು ಹೇಳಿ ಹೇಳಿ ಒಡೀಲ್‌ಳ ನಾಲಿಗೆ ಸವೆದಿತ್ತು.

ರಾಡ್ಕೊ ಬಂದು ಮೂರು ದಿನವಾಗಿತ್ತು. ಪೂರ್ವದ ಬೆಟ್ಟಸೀಮೆಯ ಗಡಿಯಾರ ರಿಪೇರಿಯವನು. ಹಿಂದೆ ಜರ್ಮನಿಯಲ್ಲಿ ದುಡಿದು ಜರ್ಮನ್ ಕಲಿತಿದ್ದ; ಒಡೀಲ್‌ಳಿಗೂ ಅದು ಬರುತ್ತಿದ್ದರಿಂದ ಇಬ್ಬರಿಗೂ ಮಾತು ಹೊಂದುತ್ತಿತ್ತು. ಅವನ ಮಗ ಪೊಲೀಸ್ ಠಾಣೆಯಲ್ಲಿ ಸತ್ತಿದ್ದ. ಹೇಗೆಂದು ಯಾರೂ ಹೇಳಿರಲಿಲ್ಲ.

ಸಂಜೆ ಸೂಪ್ ಬಡಿಸುತ್ತ ಒಡೀಲ್ ಎಲ್ಲರನ್ನೂ ಕೇಳುವುದನ್ನೇ ಕೇಳಿದಳು. ಅವನ ದೇಶ ಯುರೋಪಿನ ಮಾನವ ಹಕ್ಕುಗಳ ಒಪ್ಪಂದಕ್ಕೆ ಸೇರಿದೆಯೇ? ಸೇರಿತ್ತು. ಹುಡುಗ ಸತ್ತಾಗ ಸರ್ಕಾರದ ವಶದಲ್ಲಿದ್ದನೇ? ಇದ್ದ. ಅಲ್ಲಿನ ಕೊನೆಯ ಕೋರ್ಟಿನವರೆಗೂ ಹೋಗಿದ್ದಾಯಿತೇ? ಆಗಿತ್ತು. ಇಷ್ಟಿಲ್ಲದೆ ಇಲ್ಲಿನ ನ್ಯಾಯಾಲಯಕ್ಕೆ ಮೊಕದ್ದಮೆಯನ್ನು ಮುಟ್ಟುವ ಅಧಿಕಾರವೇ ಇಲ್ಲ. ಇನ್ನೊಂದಿತ್ತು: ಕೊನೆಯ ತೀರ್ಪಾದ ನಾಲ್ಕು ತಿಂಗಳೊಳಗೆ ಅರ್ಜಿ ಅಂಚೆಗೆ ಬಿದ್ದಿರಬೇಕು.

ರಾಡ್ಕೊ ತೀರ್ಪು ತೆಗೆದು ತೋರಿಸಿದ. ತಾರೀಕು ನೋಡಿ ಒಡೀಲ್ ಸೌಟು ಕೆಳಗಿಟ್ಟಳು. ಗಡುವು ಅಂದೇ ಮುಗಿಯುತ್ತಿತ್ತು.

“ಇದನ್ನ ಇಟ್ಕೊಂಡು ಮೂರು ದಿನ ಕೋರ್ಟಿನ ಗೇಟ್ ಕಾದ್ರಾ?”

“ಅಂಚೆಗೆ ಹಾಕಿದ್ರೆ ಯಾರೋ ಗುಮಾಸ್ತ ಒಡೀತಾನೆ, ಮೇಡಂ. ನನ್ನ ಮಗನ ವಿಷಯ ನಾನೇ ಕೈಯಾರೆ ಕೊಡ್ಬೇಕು.”

“ನಿಮ್ಮ ಮುಖ ನೋಡಿದ್ರೆ ಅವ್ರಿಗೆ ಅಧಿಕಾರ ಬರಲ್ಲ, ಯಜಮಾನ್ರೇ. ಕಾಗದದಲ್ಲಿ ಎಲ್ಲಾ ಸರಿಯಿದ್ರೆ ಬರುತ್ತೆ. ಎಲ್ಲಿ, ಅರ್ಜಿ ಕೊಡಿ ಇಲ್ಲಿ.”

ಊರಿನ ವಕೀಲ ಪುಟ ಪುಟವೂ ಅಚ್ಚುಕಟ್ಟಾಗಿ ತುಂಬಿಸಿದ್ದ. ಸಹಿಯ ಜಾಗ ಮಾತ್ರ ಖಾಲಿ. ನ್ಯಾಯಾಧೀಶರ ಎದುರಿಗೇ ಹಾಕೋಣವೆಂದು ರಾಡ್ಕೊ ಬಿಟ್ಟಿದ್ದನಂತೆ. ಒಡೀಲ್ ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ತಾಳ್ಮೆ ಕೊಡೆಂದು ದೇವರನ್ನು ಕೇಳುವುದಕ್ಕೂ ಪುರುಸೊತ್ತಿರಲಿಲ್ಲ. ಪೆನ್ನು ಅವನ ಕೈಗೆ ತುರುಕಿದಳು.

ಸಹಿಯಾಯಿತು. ತಂಬಾಕಿನ ಅಂಗಡಿಯಲ್ಲಿ ತೀರ್ಪಿನ ಜೆರಾಕ್ಸ್ ಮಾಡಿಸಿ ಲಕೋಟೆಗೆ ಸೇರಿಸಿದ್ದೂ ಆಯಿತು. ಅಂಚೆ ಕಚೇರಿ ಬಾಗಿಲು ಹಾಕಲು ಹತ್ತು ನಿಮಿಷವಿತ್ತು. ಕೌಂಟರಿನಲ್ಲಿ ರಾಡ್ಕೊ ಲಕೋಟೆಯನ್ನು ಬಿಡಲೊಲ್ಲ. ಒಡೀಲ್ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮುದ್ರೆ ಬಿತ್ತು. ರಾಡ್ಕೊ ಗಾಜಿಗೆ ಮುಖವೊತ್ತಿ ತಾರೀಕನ್ನು ತಾನೇ ಓದಿಕೊಂಡ.

“ಇನ್ನು ಕೇಳ್ತಾರಾ?”

“ಕೇಳಬಹುದಾ ಅಂತ ಮೊದಲು ನೋಡ್ತಾರೆ. ವರ್ಷಗಳೇ ಹಿಡೀಬಹುದು.”

“ಕಾಯ್ತೀನಿ.”

“ಊರಲ್ಲಿ ಕಾಯ್ರಿ. ಗೇಟ್ ಹತ್ರ ಅಲ್ಲ,” ಎಂದಳು ಒಡೀಲ್. ಆಮೇಲೆ, ಸೂಪ್ ಆರಿಹೋಗಿರುತ್ತದೆ, ಬಿಸಿ ಮಾಡಬೇಕು ಎಂದು ಗೊಣಗುತ್ತ ಅವನ ತೋಳು ಹಿಡಿದು ಟ್ರಾಮ್ ಹತ್ತಿಸಿದಳು.